ಬಿಸ್ಕತ್ತಿನ ಡಬ್ಬದ ಕೂದಲು

ಆ ಭಾನುವಾರ ಬೆಳಗ್ಗೆ ನಮ್ಮ ಮನೆಯ ಮುಂದಿನ ಜಗಲಿಯ ಮೇಲೆ ಐದು ಜನ ಹೆಂಗಸರಿದ್ದೆವು. ಗೋಡೆಗೊರಗಿ ಕಾಲು ಚಾಚಿ ಕೂತಿದ್ದವಳು ನಮ್ಮಜ್ಜಿ. ಅವಳ ಮುಂದೆ ಮಣೆಯ ಮೇಲೆ, ತಲೆಗೆ ಸುತ್ತಿದ ಹಸಿರು ಬಟ್ಟೆಯನ್ನು ಬಿಚ್ಚಲೋ ಬೇಡವೋ ಎಂದು ಅದರ ಗಂಟನ್ನು ಹಿಡಿದುಕೊಂಡು ಕೂತಿದ್ದವಳು ಮಹಡಿಯ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದ ಕೀನ್ಯಾ ದೇಶದ ಹುಡುಗಿ. ಉಯ್ಯಾಲೆಯ ಮೇಲೆ ಮನೆಯೊಡತಿ. ಒಂದು ಕಿವಿಯನ್ನು ಕುಕ್ಕರಿಗೂ ಇನ್ನೊಂದನ್ನು ನಮ್ಮ ಕಡೆಗೂ ಕೊಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದವಳು ಅಮ್ಮ. ನಡುವೆ ನಾನು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವವಳು. ಅಪ್ಪನೂ ಮನೆಯಲ್ಲೇ ಇದ್ದ. ಆದರೆ ಹೆಂಗಸರ ತಲೆಯ ವಿಚಾರ ಎಂದು ಗೊತ್ತಾದ ಕೂಡಲೇ ಪೇಪರು ಹಿಡಿದುಕೊಂಡು ಒಳಗಿನ ಕೋಣೆ ಸೇರಿದ್ದ.

ಅದು ವಡೋದರಾದ ಫತೇಗಂಜಿನಲ್ಲಿ ನಾವಿದ್ದ ಬಾಡಿಗೆ ಮನೆ. ಅಪ್ಪನಿಗೆ ವಿಮಾ ಕಚೇರಿಯಲ್ಲಿ ಕೆಲಸ. ವರ್ಗವಾಗಿ ಬಂದು ಎಂಟು ವರ್ಷ ಕಳೆದಿತ್ತು. ಅಜ್ಜಿ ಅರಸೀಕೆರೆ ಬಿಟ್ಟು ನಮ್ಮ ಜೊತೆ ಬಂದವಳು. ಆ ಎಂಟು ವರ್ಷದಲ್ಲಿ ಅವಳು ಕಲಿತ ಗುಜರಾತಿ ‘ಕೇಮ್ ಛೋ’ ಮತ್ತು ‘ಬಸ್ ಬಸ್’, ಎರಡೇ. ಮಿಕ್ಕಿದ್ದನ್ನು ಕನ್ನಡದಲ್ಲೇ ಸ್ವಲ್ಪ ಜೋರಾಗಿ ಹೇಳಿದರೆ ಯಾರಿಗಾದರೂ ಅರ್ಥವಾಗುತ್ತದೆ ಎಂಬುದು ಅವಳ ನಂಬಿಕೆ. ನನಗೆ ಬರುವ ಕನ್ನಡವೂ ಅವಳಿಂದ ಬಂದದ್ದೇ. ರಜೆಯಲ್ಲಿ ಊರಿಗೆ ಹೋದರೆ ನನ್ನ ಓರಗೆಯವರು, “ನೀನು ಬಾಯಿ ಬಿಟ್ರೆ ಮುತ್ತಜ್ಜಿ ಎದ್ದು ಬಂದ ಹಾಗಿರತ್ತೆ ಕಣೇ” ಎಂದು ನಗುತ್ತಿದ್ದರು.

ಮನೆಯೊಡತಿ ಅಚ್ಚ ಗುಜರಾತಿ ಹೆಂಗಸು, ಆದರೆ ಅವರ ತವರು ನೈರೋಬಿ. ಅಣ್ಣಂದಿರೆಲ್ಲ ಇನ್ನೂ ಅಲ್ಲೇ ಅಂಗಡಿ ಇಟ್ಟುಕೊಂಡಿದ್ದರು. ಅಮ್ಮ ತವರು ಅಂದರೆ ಎರಡು ದಿನದ ರೈಲು, ಒಂದು ಕೂಜ ನೀರು. ಇವರು ತವರು ಅಂದರೆ ವಿಮಾನ. ಬೇರೆ ಮನೆಯವರು ಈ ಹುಡುಗಿಗೆ ಕೋಣೆ ಕೊಡಲು ಹಿಂದೆ ಮುಂದೆ ನೋಡಿದಾಗ ಇವರು, “ನಮ್ಮೂರಿನ ಹುಡುಗಿ, ಹೇಗೆ ಇಲ್ಲ ಅನ್ನಲಿ?” ಎಂದು ಕೊಟ್ಟಿದ್ದರು. ಮೂರು ವರ್ಷ ಅವಳು ವಿಶ್ವವಿದ್ಯಾಲಯದಲ್ಲಿ ಆಹಾರ ವಿಜ್ಞಾನ ಓದಿದಳು. ಕೆಳಗೆ ನಮ್ಮ ಮನೆಯಲ್ಲಿ ಸಾರು ಕುದಿಯುವಾಗ ಮೆಟ್ಟಿಲ ಮೇಲೆ ಕೂತು ಅದೇ ವಿಜ್ಞಾನವನ್ನು ಮೂಗಿನಿಂದ ಓದಿದಳು.

ಈಗ ಪರೀಕ್ಷೆ ಮುಗಿದಿತ್ತು. ಮಂಗಳವಾರ ಸಾಯಂಕಾಲ ನಾಲ್ಕಕ್ಕೆ ಬೊಂಬಾಯಿಯ ರೈಲು, ಅಲ್ಲಿಂದ ವಿಮಾನ. ಆದರೆ ತಲೆ?

ಅವಳ ದೇಶದ ಗೆಳತಿಯೊಬ್ಬಳು ಅಹಮದಾಬಾದಿನಲ್ಲಿ ಓದುತ್ತಿದ್ದಳು. ಎರಡು ತಿಂಗಳಿಗೊಮ್ಮೆ ಇವಳು ಅಲ್ಲಿಗೆ ಹೋಗಿ ತಲೆತುಂಬ ಸಣ್ಣ ಸಣ್ಣ ಜಡೆ ಹಾಕಿಸಿಕೊಂಡು ಬರುತ್ತಿದ್ದಳು. ತನ್ನ ಕೂದಲಿಗೆ ಬೇರೆ ಕೂದಲನ್ನು ಸೇರಿಸಿ ಹೆಣೆದ ಜಡೆ. ಹಾಗೆ ಹೆಣೆದು ಬಿಟ್ಟರೆ ಒಳಗಿನ ಸ್ವಂತ ಕೂದಲಿಗೆ ಬಿಸಿಲು, ಧೂಳು, ಬಾಚಣಿಗೆ ಯಾವುದರ ಕಾಟವೂ ಇಲ್ಲ. ತನ್ನ ಪಾಡಿಗೆ ತಾನು ಬೆಳೆಯುತ್ತದೆ. ಆ ಗೆಳತಿ ಓದು ಮುಗಿಸಿ ಹೊರಟುಹೋದ ಮೇಲೆ ಇವಳು ಅದೇ ಊರಿನ ಯಾವುದೋ ಪಾರ್ಲರಿಗೆ ಹೋದಳು. ಅವರು ಸೂರತ್ತಿನಿಂದ ಬಂದ ನೈಲಾನು ಎಳೆ ಸೇರಿಸಿ, ಮೂಟೆ ಬಿಗಿದಂತೆ ಎಳೆದು ಕಟ್ಟಿ ಕಳಿಸಿದರು. ತಿಂಗಳೊಳಗೆ ಹಣೆಯ ಅಂಚಿನ ಕೂದಲೆಲ್ಲ ಬೇರು ಸಮೇತ ಬಂತು. ಅವತ್ತಿನಿಂದ ತಲೆಯ ಮೇಲೆ ಆ ಹಸಿರು ಬಟ್ಟೆ.

“ತೆಗೀ ಮಗೂ, ನೋಡೋಣ” ಎಂದಳು ಅಜ್ಜಿ.

ಹುಡುಗಿ ಬಟ್ಟೆ ಬಿಚ್ಚಿದಳು. ಉಯ್ಯಾಲೆ ನಿಂತಿತು. ಅವಳೇ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು, ನಾನು ಅಜ್ಜಿಗೆ ಕನ್ನಡದಲ್ಲಿ ಹೇಳಿದೆ. ಅವಳ ತಾಯಿ ಊರಿನಲ್ಲಿ ಮನೆಯ ಮುಂದೆ ಕುಳ್ಳ ಸ್ಟೂಲು ಹಾಕಿಕೊಂಡು ತಲೆ ಹೆಣೆಯುವವಳು, ಅದೇ ಅವರ ಜೀವನ. ಆ ಕೈಯೇ ಇವಳನ್ನು ಇಷ್ಟು ದೂರ ಓದಲು ಕಳಿಸಿದ್ದು. “ವಿಮಾನ ಇಳಿದ ಮೇಲೆ ಅಮ್ಮ ನನ್ನ ಮುಖ ನೋಡೋದಿಲ್ಲ, ಮೊದಲು ತಲೆ ನೋಡ್ತಾಳೆ. ಮೂರು ವರ್ಷ ನನ್ನನ್ನ ಅಲ್ಲಿ ಯಾರಾದರೂ ನೋಡ್ಕೊಂಡ್ರಾ ಇಲ್ವಾ ಅಂತ ತಲೆ ನೋಡಿಯೇ ಹೇಳಿಬಿಡ್ತಾಳೆ.”

ಅಜ್ಜಿ ಅಮ್ಮನ ಕಡೆ ತಿರುಗಿದಳು. “ಕೇಳಿಸ್ಕೊಂಡೆಯೇನೇ? ಅರಸೀಕೆರೆಯೋರ ಮನೆ ಮಹಡಿ ಮೇಲೆ ಮೂರು ವರ್ಷ ಇದ್ದವಳ ತಲೆ ಹೀಗಿದೆ ಅಂತ ಆಯಮ್ಮ ಊರೆಲ್ಲ ಹೇಳ್ಕೊಂಡು ಬರ್ತಾಳೆ.”

“ಕೀನ್ಯಾದಲ್ಲಿ ಅರಸೀಕೆರೆ ಯಾರಿಗೆ ಗೊತ್ತು ಅತ್ತೆ?”

“ಈಗ ಗೊತ್ತಾಗತ್ತಲ್ಲ! ಅದಕ್ಕೇ ಹೇಳ್ತಿರೋದು” ಎಂದು ನನ್ನ ಕಡೆ ನೋಡಿ, “ಹೋಗು, ನನ್ನ ಡಬ್ಬ ತಗೊಂಡು ಬಾ” ಎಂದಳು.

ಆ ಡಬ್ಬದ ಬಗ್ಗೆ ಹೇಳಬೇಕು. ಬಿಸ್ಕತ್ತಿನ ಹಳೇ ತಗಡಿನ ಡಬ್ಬ, ಮುಚ್ಚಳದ ಮೇಲೆ ಗುಲಾಬಿ ಹೂ. ಅಜ್ಜಿ ಮದುವೆಯಾದ ವರ್ಷದಿಂದ, ತಲೆ ಬಾಚಿದ ಮೇಲೆ ಬಾಚಣಿಗೆಯಲ್ಲಿ ಉಳಿದ ಕೂದಲನ್ನು ಎಸೆದವಳಲ್ಲ. ಬೆರಳಿಗೆ ಸುತ್ತಿ ಉಂಗುರ ಮಾಡಿ ಎತ್ತಿಡುತ್ತಿದ್ದಳು. ಒಂದಷ್ಟು ಸೇರಿದ ಮೇಲೆ ಮಧ್ಯಾಹ್ನ ಕೂತು ಒಂದೊಂದೇ ಎಳೆ ಬಿಡಿಸಿ, ಬುಡವೆಲ್ಲ ಒಂದು ಕಡೆ, ತುದಿಯೆಲ್ಲ ಒಂದು ಕಡೆ ಬರುವಂತೆ ಜೋಡಿಸಿ, ಬುಡಕ್ಕೆ ಕರಿ ದಾರ ಸುತ್ತಿ ಚೌರಿ ಮಾಡುತ್ತಿದ್ದಳು. ಬುಡ ಯಾವುದು ತುದಿ ಯಾವುದು ಎಂದು ತಿಳಿಯಲು ಅವಳಿಗೆ ಕನ್ನಡಕ ಬೇಡ. ಕೂದಲನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ಹೊಸೆದರೆ ಅದು ತಾನಾಗಿ ಒಂದು ಪಕ್ಕಕ್ಕೆ ಜರುಗುತ್ತದೆ, ಜರುಗಿದ ಪಕ್ಕ ಬುಡ. ನಾಲ್ಕು ಎಳೆ ಉಲ್ಟಾ ಸೇರಿದರೂ ಇಡೀ ಚೌರಿ ಗಂಟಾಗುತ್ತದೆ ಎಂದು ಹೇಳುತ್ತಿದ್ದಳು. ನಮಗೆಲ್ಲ ಆ ಡಬ್ಬ ಒಂದು ನಗೆಪಾಟಲು. ಅಪ್ಪ ಅದನ್ನು ‘ಅಮ್ಮನ ಬ್ಯಾಂಕು’ ಎನ್ನುತ್ತಿದ್ದ. ಒಂದು ಸಲ ಅಮ್ಮ ಗೊತ್ತಿಲ್ಲದೆ ಬಿಸ್ಕತ್ತು ಹುಡುಕುತ್ತ ಕೈ ಹಾಕಿ ಕಿರುಚಿಕೊಂಡಿದ್ದಳು.

ಡಬ್ಬದ ಮೇಲುಭಾಗದಲ್ಲಿ ನರೆತ ಕೂದಲು, ಅದರ ಕೆಳಗೆ ಬೂದು, ತಳದಲ್ಲಿ ತೆಳ್ಳನೆಯ ಬಟ್ಟೆಯಲ್ಲಿ ಸುತ್ತಿದ ಮೂರು ಉದ್ದದ ಚೌರಿ, ಕಪ್ಪು ಕಡುಗಪ್ಪು. ನಲವತ್ತು ವರ್ಷದ ಹಿಂದಿನ ಅಜ್ಜಿ ಅದು. ಈಗ ಅವಳ ತುರುಬು ನಿಂಬೆಹಣ್ಣಿನಷ್ಟಿತ್ತು.

“ಇವಳ ಮದುವೆಗೆ ಅಂತ ಇಟ್ಟಿದ್ದೆ” ಎಂದು ಅಜ್ಜಿ ನನ್ನ ಕಡೆ ಗಲ್ಲ ತೋರಿಸಿದಳು. “ಇವಳು ಹೋಗಿ ತಲೆಗೆ ತೆಂಗಿನ ಚಿಪ್ಪು ಕವುಚಿದ ಹಾಗೆ ಕತ್ತರಿಸ್ಕೊಂಡು ಬಂದಳು. ಚಿಪ್ಪಿಗೆ ಚೌರಿ ಹೇಗೆ ಕಟ್ಟಲಿ?”

ಇದನ್ನೂ ದಾಟಿಸಬೇಕೇ ಎಂದು ನಾನು ಯೋಚಿಸುತ್ತಿರುವಾಗಲೇ ಹುಡುಗಿ ಕಿಸಕ್ಕನೆ ನಕ್ಕಳು. ಅಜ್ಜಿಯ ನಂಬಿಕೆ ಪೂರ್ತಿ ಸುಳ್ಳಲ್ಲ, ಜೋರಾಗಿ ಹೇಳಿದರೆ ಕೆಲವಂತೂ ಅರ್ಥವಾಗುತ್ತವೆ.

ಆಗಲೇ, ಊರಿನಿಂದ ತರಿಸಿಟ್ಟಿದ್ದ ಸೀಗೆಪುಡಿಯನ್ನು ಕದಡಿ ಮೂರು ಚೌರಿಯನ್ನೂ ನೆನೆಹಾಕಿ, ತಿಕ್ಕದೆ, ಮೇಲಿಂದ ಕೆಳಕ್ಕೆ ಸವರಿ ತೊಳೆದು, ಬಟ್ಟೆ ಒಣಹಾಕುವ ತಂತಿಗೆ ನೆರಳಲ್ಲಿ ನೇತುಹಾಕಿದೆವು. ಬೀದಿಯಲ್ಲಿ ಹೋಗುವವರು ಒಂದು ಸಲ ನೋಡಿ, ಇನ್ನೊಂದು ಸಲ ನೋಡಿ, ಆಮೇಲೆ ರಸ್ತೆಯ ಆ ಬದಿಗೆ ದಾಟಿದರು. ಮೇ ತಿಂಗಳ ಸೆಕೆ, ಗಂಟೆಯೊಳಗೆ ಒಣಗಿತು.

ತಪ್ಪಾದದ್ದು ಆಮೇಲೆ. ಅಜ್ಜಿ ಹರಳೆಣ್ಣೆ ಕೊಬ್ಬರಿ ಎಣ್ಣೆ ಬೆರೆಸಿ ಬೆಚ್ಚಗೆ ಮಾಡಿ ಬಟ್ಟಲಲ್ಲಿ ತಂದಳು.

“ಎಣ್ಣೆ ಬೇಡ ಅಜ್ಜಿ” ಎಂದಳು ಹುಡುಗಿ ಇಂಗ್ಲಿಷಿನಲ್ಲಿ. ನಾನು ಹೇಳಿದೆ, “ಎಣ್ಣೆ ಬೇಡವಂತೆ.”

“ಸಂಕೋಚ ಪಡ್ತಾಳೆ, ಬಿಡು.”

“ಸಂಕೋಚ ಅಲ್ಲಜ್ಜಿ, ನಿಜವಾಗ್ಲೂ ಬೇಡವಂತೆ.”

“ಇನ್ನೊಂದು ಹೋಳಿಗೆ ಹಾಕ್ಲಾ ಅಂದ್ರೆ ನೀನೂ ಹೀಗೇ ಬೇಡ ಅಂತೀಯ. ಹಾಕಿದ್ರೆ ತಿಂತೀಯ. ಬಗ್ಗು ಮಗೂ.”

ನಮ್ಮ ಕಡೆ ಮೂರು ಸಲ ಬೇಡ ಎಂದ ಮೇಲೇ ಅದು ಬೇಡ. ಹುಡುಗಿಯ ಬೇಡವನ್ನು ನಾನು ಎರಡೇ ಸಲ ದಾಟಿಸಿದ್ದೆ. ಅಜ್ಜಿ ಅವಳ ತಲೆಗೂ ಚೌರಿಗೂ ಹಬ್ಬದ ಎಣ್ಣೆಸ್ನಾನಕ್ಕೆ ಹಚ್ಚುವಂತೆ ಕೈತುಂಬ ಎಣ್ಣೆ ಹಚ್ಚಿ, ಅರ್ಧ ಗಂಟೆ ಒದ್ದಾಡಿ ಮೊದಲನೆಯ ಜಡೆ ಹೆಣೆದಳು. ಚೆನ್ನಾಗೇ ಕಂಡಿತು. ಕನ್ನಡಿಯಲ್ಲಿ ನೋಡೋಣವೆಂದು ಹುಡುಗಿ ಎದ್ದು ನಿಂತದ್ದೇ ತಡ, ಜಡೆ ತಲೆಯಿಂದ ನುಣ್ಣಗೆ ಜಾರಿ, ಜಗಲಿಯ ಮೇಲೆ ಬಿದ್ದು, ಒಂದು ಸುತ್ತು ಸುತ್ತಿಕೊಂಡು ಮಲಗಿತು. ಮನೆಯೊಡತಿ “ಹಾಯ್ ಹಾಯ್!” ಎಂದು ಎರಡೂ ಕಾಲನ್ನು ಉಯ್ಯಾಲೆಯ ಮೇಲಕ್ಕೆ ಎಳೆದುಕೊಂಡರು.

ಒಳಗಿನಿಂದ ಅಪ್ಪ ಕೂಗಿದ, “ಏನಾಯ್ತು?”

“ಏನಿಲ್ಲ. ನಿಮ್ಮಮ್ಮ ಹಾವು ಬಿಟ್ಟಿದ್ದಾರೆ” ಎಂದಳು ಅಮ್ಮ.

ಹುಡುಗಿ ನಗಬಾರದೆಂದು ತುಟಿ ಕಚ್ಚಿಕೊಂಡಳು. ಅಜ್ಜಿಯ ಮುಖ ನೋಡಿದರೆ ನನಗೆ ಪಾಪವೆನಿಸಿತು. ಅವಳು ಜಡೆಯನ್ನು ಎತ್ತಿಕೊಂಡು ನೋಡಿ, “ಹೌದೇನೇ, ನಿಜವಾಗ್ಲೂ ಬೇಡ ಅಂದಿದ್ಲೇನೇ?” ಎಂದು ಕೇಳಿದಳು. ಆ ದಿನ ಮಿಕ್ಕಿದ್ದೆಲ್ಲ ಆ ಎಣ್ಣೆ ಬಿಡಿಸುವುದರಲ್ಲೇ ಹೋಯಿತು. ಕಡಲೆಹಿಟ್ಟು, ಸೀಗೆಪುಡಿ, ಮತ್ತೆ ಕಡಲೆಹಿಟ್ಟು. ಕೂದಲು ಮುಟ್ಟಿದ ಕೈಯಲ್ಲಿ ದೇವರ ಮನೆಗೆ ಹೋಗುವ ಹಾಗಿಲ್ಲವೆಂದು ಅಜ್ಜಿ ಬೇರೆ ಎರಡು ಸಲ ಸ್ನಾನ ಮಾಡಿದಳು. ಸಾಯಂಕಾಲ ನಲ್ಲಿಯಲ್ಲಿ ನೀರು ನಿಂತಿತು. ಅಪ್ಪ ಖಾಲಿ ಟ್ಯಾಂಕಿಯನ್ನೂ ತಾಯಿಯನ್ನೂ ನೋಡಿ ಬಕೆಟ್ಟು ಹಿಡಿದು ಹೋದ.

ಸೋಮವಾರ ಅಜ್ಜಿ ಬಲು ವಿನಯದ ಶಿಷ್ಯೆ. ಒಳಗೆ ನಡುಮನೆಯಲ್ಲಿ ಚಾಪೆ ಹಾಸಿ, ಹುಡುಗಿಯ ಎದುರು ಕೂತು, “ನೀನೇ ಮಾಡಿ ತೋರಿಸು ಮಗೂ” ಎಂದಳು. ಕೂದಲಿನ ಸಣ್ಣ ಸಣ್ಣ ಕಟ್ಟುಗಳನ್ನು ಪೇಪರಿನ ಮೇಲೆ ಬುಡ ಒಂದೇ ಕಡೆ ಬರುವಂತೆ ಜೋಡಿಸಿ, ಹಾರದಿರಲೆಂದು ಮೇಲೆ ಲಟ್ಟಣಿಗೆ ಇಟ್ಟಿದ್ದೆವು. ಫ್ಯಾನು ಹಾಕುವ ಹಾಗಿರಲಿಲ್ಲ. ಹುಡುಗಿ ತನ್ನ ನೆತ್ತಿಯ ಮುಂಭಾಗದಲ್ಲಿ ಒಂದು ಚೌಕ ಬೈತಲೆ ತೆಗೆದು, ಅಲ್ಲಿನ ಕೂದಲನ್ನು ಮೂರು ಪಾಲು ಮಾಡಿ ಹೆಣೆಯತೊಡಗಿದಳು. ಎರಡು ಹೆಣಿಗೆಯಾದ ಮೇಲೆ ಚೌರಿಯಿಂದ ಸ್ವಲ್ಪ ತೆಗೆದು ಒಳಗೆ ಸೇರಿಸಿದಳು. ಇನ್ನೆರಡು ಹೆಣಿಗೆ, ಇನ್ನು ಸ್ವಲ್ಪ. ನಮ್ಮ ಹಾಗೆ ಇಡೀ ಚೌರಿಯನ್ನು ಒಂದೇ ಗಂಟಿನಲ್ಲಿ ಬಿಗಿಯುವುದಲ್ಲ. ಎಲ್ಲೂ ಭಾರ ಬೀಳದ ಹಾಗೆ ಅದು ನಡುನಡುವೆ ಬಂದು ಕೂಡಿಕೊಳ್ಳಬೇಕು.

“ಇನ್ನೊಂದ್ಸಲ” ಎಂದಳು ಅಜ್ಜಿ. ಹುಡುಗಿ ಬಿಚ್ಚಿ ಮತ್ತೆ ಮಾಡಿದಳು. “ಇನ್ನೊಂದ್ಸಲ.” ಮೂರನೆಯ ಸಲ ಅಜ್ಜಿ ಚಪ್ಪಾಳೆ ತಟ್ಟಿದಳು. “ಅಯ್ಯೋ ಇದು ದಂಡೆ ಕಟ್ಟೋ ಕೈಯಲ್ಲವೇನೇ! ಹೂವಿನ ದಂಡೆ! ದಾರ ಮುಂದಕ್ಕೆ ಹೋಗ್ತಿರತ್ತೆ, ಎರಡು ಹೂವ ಇಡು, ಸುತ್ತು, ಎರಡು ಹೂವ ಇಡು, ಸುತ್ತು. ಮೊದಲೇ ಹೇಳಬಾರದಾ?”

“ಅವಳಿಗೆ ದಂಡೆ ಗೊತ್ತಿದ್ರೆ ತಾನೇ ಹೇಳೋದು” ಎಂದಳು ಅಮ್ಮ.

ಆಮೇಲೆ ಕೆಲಸ ಓಡಿತು. ಅಮ್ಮ ಬಾಚಣಿಗೆಯ ಹಿಡಿಯಿಂದ ಚೌಕ ತೆಗೆಯುವುದು, ನಾನು ಕೂದಲು ಎತ್ತಿ ಕೊಡುವುದು, ಅಜ್ಜಿ ಹೆಣೆಯುವುದು, ತುದಿಗೆ ಕರಿ ದಾರ ಸುತ್ತಿ ಗಂಟು ಹಾಕುವುದು. ಹಣೆಯ ಅಂಚು ಬಂದಾಗ ಅವಳ ಕೈ ಮೆತ್ತಗಾಗುತ್ತಿತ್ತು. ಅಲ್ಲಿ ಉಳಿದಿದ್ದ ಎಳೆಗೂದಲಿಗೆ ಚೌರಿ ಸೇರಿಸಲೇ ಇಲ್ಲ. “ಇದು ಕರುವಿನ ಕಿವಿ ಇದ್ದ ಹಾಗೆ, ಹಿಡಿದು ಎಳೆಯೋದಲ್ಲ. ಆ ಪಾರ್ಲರಿನವಳು ನನ್ನ ಕೈಗೆ ಸಿಗಬೇಕಿತ್ತು, ಅವಳ ತಲೆಗೆ ಹಗ್ಗ ಹೊಸೀತಿದ್ದೆ” ಎಂದಳು. ಹುಡುಗಿಗೆ ನಾನು ಇದರ ಮೊದಲ ಅರ್ಧವನ್ನಷ್ಟೇ ಹೇಳಿದೆ.

ಎಷ್ಟು ಜಡೆ ಎಂದು ಕೇಳಿದಾಗ ಹುಡುಗಿ ಎಪ್ಪತ್ತಾದರೂ ಬೇಕು ಎಂದಿದ್ದಳು. ಅಜ್ಜಿ ಬೆರಳು ಸೆಟೆದುಕೊಂಡಾಗ ಬಿಸಿನೀರಲ್ಲಿ ಅದ್ದಿಕೊಂಡು ಮತ್ತೆ ಕೂರುತ್ತಿದ್ದಳು. ಸಾಯಂಕಾಲವಾಗುವಷ್ಟರಲ್ಲಿ ಎಡಗಡೆಯ ಅರ್ಧ ತಲೆ ಮುಗಿದಿತ್ತು, ಬಲಗಡೆ ಹಾಗೇ ಇತ್ತು. ಅಮ್ಮ ದೇವರ ಮುಂದೆ ದೀಪ ಹಚ್ಚಿದಳು. ಅಜ್ಜಿ ಕೈಯಲ್ಲಿದ್ದ ಕೂದಲನ್ನು ಪೇಪರಿನ ಮೇಲೆ ಇಟ್ಟುಬಿಟ್ಟಳು.

“ದೀಪ ಹಚ್ಚಿದ ಮೇಲೆ ಕೂದಲು ಬಿಚ್ಚಬಾರದು. ನಾಳೆ ಬೆಳಗ್ಗೆ ಮಾಡೋಣ.”

ಅಮ್ಮ ಕ್ಯಾಲೆಂಡರ್ ಕಡೆ ನೋಡಿದಳು. ಮೆಲ್ಲಗೆ ಹೇಳಿದಳು, “ನಾಳೆ ಅಮಾವಾಸ್ಯೆ ಅತ್ತೆ.”

ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಹೆಂಗಸರು ತಲೆ ಬಿಚ್ಚುವುದಿಲ್ಲ, ಬಾಚುವುದಿಲ್ಲ. ಆ ದಿನ ಶಾಲೆಗೆ ಹಿಂದಿನ ದಿನದ ಜಡೆಯಲ್ಲೇ ಹೋಗಿ ಟೀಚರಿಂದ ಬೈಸಿಕೊಂಡವಳು ನಾನು. ಎಂಟು ದಿನ ಮೊದಲೇ ಪಂಚಾಂಗ ನೋಡಿಟ್ಟುಕೊಳ್ಳುವ ಅಜ್ಜಿಗೆ ಎಣ್ಣೆಯ ಗಲಾಟೆಯಲ್ಲಿ ಇದು ಮರೆತೇಹೋಗಿತ್ತು. ನಾನು ಹುಡುಗಿಗೆ ವಿಷಯ ಹೇಳಿದೆ. ಅವಳು ಬಲಗಡೆಯ ತಲೆಯನ್ನು ಒಂದು ಸಲ ಮುಟ್ಟಿ ನೋಡಿಕೊಂಡು, ಹಸಿರು ಬಟ್ಟೆಯನ್ನು ಎತ್ತಿ ಕಟ್ಟಿಕೊಂಡಳು. “ಪರವಾಗಿಲ್ಲ. ಅಮ್ಮನಿಗೆ ಅರ್ಧವಾದರೂ ಕಾಣತ್ತೆ” ಎಂದು ಮೆಟ್ಟಿಲು ಹತ್ತಿಹೋದಳು.

ಊಟಕ್ಕೆ ಕೂತಾಗ ಅಪ್ಪ ನಡುವೆ ಬಾಯಿ ಹಾಕಿದ. “ಅಮ್ಮಾ, ಅಮಾವಾಸ್ಯೆ ನಮಗೆ. ಆ ಹುಡುಗಿಗೇನು ಅಮಾವಾಸ್ಯೆ?”

“ತಲೆ ಅವಳದು ಕಣೋ. ಕೂದಲು ಯಾರದು?”

ವಿಮಾ ಕಚೇರಿಯಲ್ಲಿ ಇಪ್ಪತ್ತು ವರ್ಷ ಯಾವುದು ಯಾರದು ಎಂದು ತೀರ್ಮಾನ ಮಾಡಿದ ಅಪ್ಪ, ಮಜ್ಜಿಗೆ ಹಾಕಿಸಿಕೊಂಡು ಅನ್ನ ಕಲಸತೊಡಗಿದ. ಅಜ್ಜಿ ಅವತ್ತು ಎರಡು ತುತ್ತು ತಿಂದು ಎದ್ದಳು.

ಮಂಗಳವಾರ ಬೆಳಗ್ಗೆ ಹುಡುಗಿ ಅಂಕಪಟ್ಟಿ ತರಲು ವಿಶ್ವವಿದ್ಯಾಲಯಕ್ಕೆ ಹೋದಳು. ಅಮ್ಮ ಒಗ್ಗರಣೆಗೆ ಕರಿಬೇವು ಬಿಡಿಸುತ್ತಿದ್ದಳು. ಅಜ್ಜಿ ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿಕೊಂಡು ಪೂಜೆಗೆ ಮಲ್ಲಿಗೆ ಕಟ್ಟುತ್ತಿದ್ದಳು. ಎರಡು ಮೊಗ್ಗು ಇಟ್ಟು ಸುತ್ತಿದಳು. ಎರಡು ಮೊಗ್ಗು ಇಟ್ಟಳು, ಸುತ್ತಲಿಲ್ಲ. ಕೈ ಅಲ್ಲೇ ನಿಂತಿತು.

“ಅಲ್ಲ ಕಣೇ, ಅಮಾವಾಸ್ಯೆ ದಿನ ಹೂ ಕಟ್ಟಬಹುದು ತಾನೇ?”

“ಕಟ್ತಾನೇ ಇದೀರಲ್ಲ ಅತ್ತೆ.”

“ಮುತ್ತೈದೆಗೋ ಕನ್ಯೆಗೋ ಮುಡಿಸಬಹುದು ತಾನೇ?”

“ಮುಡಿಸಬಹುದು.”

“ಹೂ ಕಟ್ಟೋವಾಗ ದಾರದ ಜೊತೆ ನಾಲ್ಕು ಕೂದಲು ಸೇರ್ಕೊಂಡ್ರೆ?”

ಅಮ್ಮ ಕರಿಬೇವಿನ ಕಡ್ಡಿಯನ್ನು ಕೆಳಗಿಟ್ಟಳು. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಮ್ಮ ತುಂಬ ಗಂಭೀರವಾಗಿ ಹೇಳಿದಳು, “ಅದು ಕಟ್ಟೋರ ತಪ್ಪಲ್ಲ ಅತ್ತೆ. ಗಾಳಿಗೆ ಬಂದು ಸೇರಿಕೊಳ್ಳತ್ತೆ.”

“ಹಾಗಾದ್ರೆ ಇವಳನ್ನ ಕಳಿಸು. ಹುಡುಗೀನ ಕರ್ಕೊಂಡು ಬರಲಿ. ಬರೋವಾಗ ಮಾರ್ಕೆಟ್ಟಿಂದ ಇನ್ನೂ ಮಲ್ಲಿಗೆ ತರಲಿ. ಮೊಗ್ಗೇ ಬೇಕು, ಅರಳಿದ್ದು ಬೇಡ.”

ನಾನು ಲೂನಾ ಹತ್ತಿ ಹೋದೆ. ಹುಡುಗಿ ಕಚೇರಿಯ ಸಾಲಿನಲ್ಲಿ ನಿಂತಿದ್ದಳು. ಅಜ್ಜಿ ಹೂ ಕಟ್ಟಲು ಕರೆಯುತ್ತಿದ್ದಾಳೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನನಗೂ ವಿವರಿಸಲು ಬರಲಿಲ್ಲ. ಲೂನಾದ ಹಿಂದೆ ಕೂತು, ತೊಡೆಯ ಮೇಲೆ ಮಲ್ಲಿಗೆಯ ಪೊಟ್ಟಣ ಇಟ್ಟುಕೊಂಡು ಬಂದಳು.

ಅಜ್ಜಿ ಪ್ರತಿ ಜಡೆಯನ್ನೂ ಹೂವಿನಿಂದಲೇ ಶುರುಮಾಡಿದಳು. ಬುಡದಲ್ಲಿ ದಾರದಿಂದ ಎರಡು ಮೊಗ್ಗು ಕಟ್ಟುವುದು, ಆಮೇಲೆ ಕೂದಲು ತಾನಾಗಿ ಬಂದಂತೆ ಬಂದು ಸೇರುವುದು. ಬಾಚಣಿಗೆ ಮುಟ್ಟುವ ಹಾಗಿಲ್ಲವೆಂದು ಅಮ್ಮ ಊದುಬತ್ತಿಯ ಕಡ್ಡಿಯಲ್ಲಿ ಬೈತಲೆ ತೆಗೆದಳು. ಪೂರ್ತಿ ಬಿಚ್ಚಬಾರದಲ್ಲ, ಅದಕ್ಕೆ ಒಂದೊಂದು ಚೌಕವನ್ನಷ್ಟೇ ಬಟ್ಟೆಯಿಂದ ಹೊರಗೆ ತೆಗೆಯುತ್ತಿದ್ದೆವು. ನಾನು ಮೆಲ್ಲಗೆ ಹುಡುಗಿಗೆ ಕಾರಣ ವಿವರಿಸಿದಾಗ ಅವಳ ಭುಜ ಕುಲುಕತೊಡಗಿತು.

“ಅಲ್ಲಾಡಬೇಡ ಅಂತ ಹೇಳೇ ಅವಳಿಗೆ. ಹೂ ಕಟ್ತಾ ಇದೀನಿ.”

“ಅವಳು ನಗ್ತ ಇದಾಳೆ ಅಜ್ಜಿ.”

“ನಗಲಿ. ತಲೆ ನೆಟ್ಟಗಿಟ್ಕೊಂಡು ನಗಲಿ.”

ಒಂದು ಪಕ್ಕ ಹೂವಿದ್ದು ಇನ್ನೊಂದು ಪಕ್ಕ ಬೋಳಾದರೆ ಚೆನ್ನಾಗಿರುವುದಿಲ್ಲವೆಂದು ಕೊನೆಗೆ ಹಿಂದಿನ ದಿನದ ಜಡೆಗಳಿಗೂ ಎರಡೆರಡು ಮೊಗ್ಗು ಕಟ್ಟಿದಳು. ಮೂರು ಗಂಟೆಗೆ ಸ್ವಲ್ಪ ಮೊದಲು ಕೊನೆಯ ಜಡೆಗೆ ಗಂಟು ಬಿತ್ತು. ಹುಡುಗಿ ಕನ್ನಡಿಯ ಮುಂದೆ ಹೋಗಿ ನಿಂತಳು. ತುಂಬ ಹೊತ್ತು ನೋಡಿಕೊಂಡಳು. ಹಸಿರು ಬಟ್ಟೆಯನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದಳು. ಮನೆಯೊಡತಿ ಬಂದು ಅವಳ ಸುತ್ತ ಒಂದು ಸುತ್ತು ಬಂದು, “ಬಾ, ಇದು ತಲೆಯಲ್ಲ, ತೋಟ” ಎಂದರು. ಅಜ್ಜಿಯನ್ನು ಅವರು ಕರೆಯುತ್ತಿದ್ದದ್ದು ಹಾಗೆ, ಗುಜರಾತಿಯಲ್ಲಿ ಅಮ್ಮ ಎನ್ನುವಂತೆ.

ರಿಕ್ಷಾ ಬಂದ ಮೇಲೂ ಅಜ್ಜಿಯ ಉಪದೇಶ ಮುಗಿಯಲಿಲ್ಲ. “ಮಲಗೋವಾಗ ಹತ್ತಿ ಬಟ್ಟೆ ಕಟ್ಕೋ. ತೊಳೆಯೋವಾಗ ತಿಕ್ಕಬೇಡ, ಸೀಗೆ ನೀರು ತೆಳ್ಳಗೆ ಹುಯ್ಕೊಂಡು ಹಿಂಡದೇ ಬಿಡು. ಹೂ ನಾಳೆ ಬಾಡತ್ತೆ, ಕಿತ್ತು ಹಾಕು, ಜಡೆ ಕೀಳಬೇಡ. ಬಿಚ್ಚೋವಾಗ ತುದಿಯಿಂದ ಬಿಚ್ಚು. ಎರಡು ತಿಂಗಳ ಮೇಲೆ ಇಟ್ಕೋಬೇಡ. ಎಣ್ಣೆ…” ಎಂದು ತಾನೇ ತಡೆದು, “ಎಣ್ಣೆ ನಿಮ್ಮಮ್ಮ ಹೇಳಿದ ಹಾಗೆ” ಎಂದಳು.

ಹುಡುಗಿ ಅಜ್ಜಿಯ ಎರಡೂ ಕೈ ಹಿಡಿದುಕೊಂಡು ಬೆರಳುಗಳನ್ನು ಒತ್ತಿದಳು. ಮೂರು ವರ್ಷದಲ್ಲಿ ನಮ್ಮ ಮನೆಯಲ್ಲಿ ಯಾರೂ ‘ಹೋಗ್ತೀನಿ’ ಎನ್ನದ್ದನ್ನು ಅವಳು ಗಮನಿಸಿದ್ದಳು. “ಬರ್ತೀನಿ ಅಜ್ಜಿ” ಎಂದಳು, ಕನ್ನಡದಲ್ಲಿ.

ಆಮೇಲೆ ಜೂನ್ ಕಳೆಯಿತು, ಜುಲೈ ಕಳೆಯಿತು. ಅಲ್ಲಿಂದ ಏನೂ ಸುದ್ದಿಯಿಲ್ಲ. ಅಜ್ಜಿ ನೇರವಾಗಿ ಕೇಳುವವಳಲ್ಲ. ಪೋಸ್ಟ್‌ಮ್ಯಾನ್ ಬಂದಾಗ ಮಾತ್ರ ಜಗಲಿಗೆ ಬಂದು, “ಕರೆಂಟಿನ ಬಿಲ್ಲೇನೋ” ಎನ್ನುತ್ತಿದ್ದಳು. “ಆ ತಾಯಿ ತಲೆ ನೋಡಿ ಏನಂದಳೋ ಅಂತ ಯೋಚನೆಯಾ?” ಎಂದು ಅಪ್ಪ ಕೆಣಕಿದರೆ, “ನನಗ್ಯಾಕೆ ಯೋಚನೆ? ನಾನು ಹೂ ಕಟ್ಟಿದೆ, ಅಷ್ಟೇ” ಎನ್ನುತ್ತಿದ್ದಳು. ಡಬ್ಬದಲ್ಲಿ ಈಗ ನರೆತ ಕೂದಲೂ ಬೂದು ಕೂದಲೂ ಮಾತ್ರ ಇದ್ದವು. ಆದರೂ ಬೆಳಗ್ಗೆ ಬಾಚಿಕೊಂಡ ಮೇಲೆ ಬೆರಳಿಗೆ ಸುತ್ತಿ ಎತ್ತಿಡುವುದನ್ನು ಬಿಟ್ಟಿರಲಿಲ್ಲ.

ಆಗಸ್ಟಿನಲ್ಲಿ ಮನೆಯೊಡತಿ ತವರಿಗೆ ಹೋದರು. ನವರಾತ್ರಿಗೆ ನಾಲ್ಕು ದಿನ ಮೊದಲು ಹಿಂತಿರುಗಿ ಬಂದವರೇ, ಬ್ಯಾಗು ಕೂಡ ಇಳಿಸದೆ, ಒಂದು ಪೊಟ್ಟಣವನ್ನು ಅಜ್ಜಿಯ ಮಡಿಲಿಗೆ ಹಾಕಿದರು. ಹುಡುಗಿ ಊರಿನಿಂದ ಬಸ್ಸಿನಲ್ಲಿ ಬಂದು ಅವರ ಅಣ್ಣನ ಅಂಗಡಿಯಲ್ಲಿ ಕೊಟ್ಟು ಹೋಗಿದ್ದಳಂತೆ. ಬಿಚ್ಚಿದರೆ, ಬಿಳಿ ಬಟ್ಟೆಯೊಳಗೆ ಅಜ್ಜಿಯ ಕೂದಲು. ತೊಳೆದು, ಬಾಚಿ, ಮೂರು ಕಟ್ಟು ಮಾಡಿ, ಪ್ರತಿಯೊಂದರ ಬುಡಕ್ಕೂ ಕರಿ ದಾರ ಸುತ್ತಿತ್ತು. ಜೊತೆಗೆ ಹುಡುಗಿಯ ಒಂದು ಕಾಗದ. ನಾನು ಓದಿ ಹೇಳಿದೆ.

“ಅಮ್ಮ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಹಣೆಯ ಅಂಚನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದ್ದು ಒಂದೇ ಮಾತು, ಈ ಕೈ ಯಾರದು? ನಾನು ಹೇಳಿದೆ. ಎರಡು ತಿಂಗಳಾದ ಮೇಲೆ ಅವಳೇ ಬಿಚ್ಚಿದಳು, ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಇಂಥ ಕೂದಲನ್ನು ಇಟ್ಟುಕೊಳ್ಳಬಾರದು, ಅವರಿಗೇ ಸೇರಬೇಕು ಎಂದಳು. ಹಣೆಯ ಮೇಲೆ ಹೊಸ ಕೂದಲು ಬರುತ್ತಿದೆ ಎಂದು ಅಜ್ಜಿಗೆ ಹೇಳು.”

ಅಜ್ಜಿ ಕಾಗದವನ್ನು ಇಸಿದುಕೊಂಡು, ತನಗೆ ಬಾರದ ಇಂಗ್ಲಿಷನ್ನು ಒಂದು ಸಲ ನೋಡಿ ಮಡಚಿ ಡಬ್ಬಕ್ಕೆ ಹಾಕಿದಳು. ಆಮೇಲೆ ಒಂದು ಕಟ್ಟಿನಿಂದ ಒಂದು ಎಳೆ ತೆಗೆದು ಬೆರಳುಗಳ ನಡುವೆ ಹೊಸೆದಳು. ಕೂದಲು ಜರುಗಿತು. ಇನ್ನೊಂದು ಕಟ್ಟಿನಿಂದ ಇನ್ನೊಂದು. ಅದೂ ಅದೇ ಕಡೆಗೆ ಜರುಗಿತು.

“ಬುಡ ತುದಿ ಗೊತ್ತು ಆಯಮ್ಮನಿಗೆ” ಎಂದಳು.

ದಾರದ ಗಂಟು ಮಾತ್ರ ಅವಳು ಎಂದೂ ಕಾಣದ್ದು. ಒಳಗಿನಿಂದ ಸುತ್ತಿ, ತುದಿಯೇ ಕಾಣದ ಹಾಗೆ ಹಾಕಿದ ಗಂಟು. ಹೇಗೆ ಹಾಕಿದ್ದಾರೆ ನೋಡೋಣವೆಂದು ಕನ್ನಡಕ ತರಿಸಿಕೊಂಡು, ಸೂಜಿಯ ಮೊನೆಯಿಂದ ಒಂದನ್ನು ಬಿಚ್ಚಿದಳು. ಮತ್ತೆ ಹಾಗೇ ಹಾಕಲು ಸಂಜೆಯವರೆಗೂ ಹೆಣಗಿದಳು, ಬರಲಿಲ್ಲ. “ಮುಂದಿನ ಸಲ ನಿಮ್ಮ ತವರಿಗೆ ಹೋದಾಗ ಕೇಳ್ಕೊಂಡು ಬನ್ನಿ” ಎಂದು ಮನೆಯೊಡತಿಗೆ ಕನ್ನಡದಲ್ಲಿ ಜೋರಾಗಿ ಹೇಳಿದಳು. ಅವರು ಗುಜರಾತಿಯಲ್ಲಿ ಆಗಲಿ ಎಂದರು. ಉಳಿದ ಎರಡು ಕಟ್ಟನ್ನು ಅಜ್ಜಿ ಬಿಚ್ಚಲು ಹೋಗಲಿಲ್ಲ.

ನವರಾತ್ರಿಯ ಮೊದಲನೆಯ ದಿನ ಬೆಳಗ್ಗೆ ಅವಳು ಸ್ನಾನ ಮಾಡಿ ಬಂದು ನನ್ನನ್ನು ಕರೆದು ಮುಂದೆ ಕೂರಿಸಿಕೊಂಡಳು. ಐದು ತಿಂಗಳಿಂದ ನಾನು ಕತ್ತರಿಸಿರಲಿಲ್ಲ, ಕೂದಲು ಹಿಡಿಗೆ ಸಿಗುವಷ್ಟಾಗಿತ್ತು. ಉಳಿದ ಆ ಎರಡು ಕಟ್ಟಿನಲ್ಲಿ ಒಂದನ್ನು ತೆಗೆದು, ಗಂಟು ಬಿಚ್ಚದೆ ಅದರ ಎಳೆಗಳನ್ನು ಎರಡು ಹೆಣಿಗೆಗೆ ಸ್ವಲ್ಪದಂತೆ ನಡುನಡುವೆ ಸೇರಿಸುತ್ತ, ಸೊಂಟದವರೆಗೆ ಒಂದೇ ಜಡೆ ಹಾಕಿದಳು. ಆ ಗಂಟು ಕತ್ತಿನ ಹಿಂದೆ ಹಾಗೇ ಉಳಿಯಿತು. ಎಣ್ಣೆ ಹಚ್ಚಲೇ ಎಂದು ಕೇಳಿದಳು. ಬೇಡ ಎಂದೆ. ಹಚ್ಚಲಿಲ್ಲ. ನಾನು ಲೂನಾ ಹತ್ತಿ ಕಾಲೇಜಿಗೆ ಹೋದೆ.